ಬಿಸಿಲಿನಿಂದ ಇಂಧನ: ರಸಾಯನ ವಿಜ್ಞಾನಿ ಡಾ. ಸಿ.ಎನ್.ಆರ್. ರಾವ್ ಅವರ ಸಂಶೋಧನೆ – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಗದಗ ಜಿಲ್ಲೆಯು ಬಿಸಿಲು ಮತ್ತು ಗಾಳಿ ಹೇರಳವಾಗಿರುವ ಬಯಲು ಸೀಮೆಯ ಜಿಲ್ಲೆಯಾಗಿದೆ. ಗದಗ, ಶಿರಹಟ್ಟಿ ಮತ್ತು ಮುಂಡರಗಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದ ಪರಿಸರದಲ್ಲಿ ಗಾಳಿಯಂತ್ರಗಳಿಂದ ವಿದ್ಯುತ್ ಉತ್ಪಾದಿಸಲಾಗುತ್ತಿದೆ. ಮನೆಗಳ ಮಾಳಿಗೆಯ ಮೇಲೆ ಸೌರ ಫಲಕಗಳು ಕಾಣಸಿಗುತ್ತಿವೆ. ಆದರೆ ಗಾಳಿ ಬೀಸುವುದು ನಿಂತಾಗ ಯಂತ್ರ ನಿಲ್ಲುತ್ತದೆ. ಹೊತ್ತು ಮುಳುಗಿದ ಮೇಲೆ ಫಲಕದಿಂದ ವಿದ್ಯುತ್ ಬರುವುದಿಲ್ಲ. ಆದುದರಿಂದ ಬಿಸಿಲಿನ ಶಕ್ತಿಯನ್ನು ಬೇಕಾದಾಗ ಬಳಸಬಹುದಾದ ಇಂಧನವಾಗಿ ಕೂಡಿಡುವುದು ಹೇಗೆ ಎಂಬುದು ಇಂದಿನ ಮುಖ್ಯ ಪ್ರಶ್ನೆಯಾಗಿದೆ.

ಈ ಪ್ರಶ್ನೆಗೆ ರಸಾಯನ ವಿಜ್ಞಾನದ ಮಾರ್ಗದಿಂದ ಉತ್ತರ ಹುಡುಕಿದವರಲ್ಲಿ ಕರ್ನಾಟಕದ ಡಾ. ಚಿಂತಾಮಣಿ ನಾಗೇಶ ರಾಮಚಂದ್ರ ರಾವ್ ಅವರು ಪ್ರಮುಖರು. ಅವರ ಸಂಶೋಧನಾ ಜೀವನ, ಬೆಳಕಿನ ವೇಗವರ್ಧನೆ ಎಂಬ ಕ್ರಿಯೆಯ ಸ್ವರೂಪ, ಹಾಗೂ ಅದರಿಂದ ನಾಗರಿಕರು ಇಂದು ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಲಾಗದು ಎಂಬ ವಿವರಗಳನ್ನು ಇಲ್ಲಿ ನೀಡಲಾಗಿದೆ.

2. ಜನನ ಮತ್ತು ವಿದ್ಯಾಭ್ಯಾಸ

ಡಾ. ರಾವ್ ಅವರು 1934ರ ಜೂನ್ 30ರಂದು ಬೆಂಗಳೂರಿನಲ್ಲಿ ಜನಿಸಿದರು. 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿಯನ್ನೂ, 1953ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಂ.ಎಸ್ಸಿ. ಪದವಿಯನ್ನೂ ಪಡೆದರು. ನಂತರ ಅಮೆರಿಕಕ್ಕೆ ತೆರಳಿ ಪರ್ಡ್ಯೂ ವಿಶ್ವವಿದ್ಯಾಲಯದಿಂದ 1958ರಲ್ಲಿ ಡಾಕ್ಟರೇಟ್ ಪದವಿ ಗಳಿಸಿದರು. 1959ರಲ್ಲಿ ಸ್ವದೇಶಕ್ಕೆ ಮರಳಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾಗಿ ಸೇವೆ ಆರಂಭಿಸಿದರು.

3. ಸೇವೆ ಮತ್ತು ಸಂಸ್ಥೆಗಳು

1963ರಲ್ಲಿ ಕಾನ್ಪುರದ ಐಐಟಿಗೆ ತೆರಳಿದ ಅವರು ಅಲ್ಲಿನ ರಸಾಯನ ವಿಜ್ಞಾನ ವಿಭಾಗವನ್ನು ಬೆಳೆಸಿದರು. 1976ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಹಿಂದಿರುಗಿ ಘನಸ್ಥಿತಿ ಮತ್ತು ರಚನಾ ರಸಾಯನ ವಿಜ್ಞಾನ ಘಟಕವನ್ನು ಕಟ್ಟಿದರು. 1984ರಿಂದ 1994ರವರೆಗೆ ಸದರಿ ಸಂಸ್ಥೆಯ ನಿರ್ದೇಶಕರಾಗಿದ್ದರು. 1989ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸ್ಥಾಪಕ ಅಧ್ಯಕ್ಷರೂ ಅವರೇ. ಸೌರ ಇಂಧನಕ್ಕೆ ಸಂಬಂಧಿಸಿದ ಅವರ ಮುಖ್ಯ ಪ್ರಯೋಗಗಳು ಈ ಕೇಂದ್ರದಲ್ಲಿಯೇ ನಡೆದವು.

4. ಬೆಳಕಿನ ವೇಗವರ್ಧನೆ ಎಂದರೇನು?

ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತುವಿಗೆ ವೇಗವರ್ಧಕವೆಂದು ಹೆಸರು. ಬೆಳಕು ಬಿದ್ದಾಗ ಮಾತ್ರ ಹೀಗೆ ಕೆಲಸ ಮಾಡುವ ವಸ್ತುವು ಬೆಳಕಿನ ವೇಗವರ್ಧಕ. ಇವು ಸಾಮಾನ್ಯವಾಗಿ ಅರೆವಾಹಕಗಳಾಗಿರುತ್ತವೆ. ಬೆಳಕಿನ ಕಣವು ತಾಗಿದಾಗ ಅರೆವಾಹಕದೊಳಗಿನ ಎಲೆಕ್ಟ್ರಾನು ಮೇಲಿನ ಮಟ್ಟಕ್ಕೆ ಜಿಗಿಯುತ್ತದೆ. ಅದು ಬಿಟ್ಟ ಸ್ಥಳದಲ್ಲಿ ರಂಧ್ರವೆಂಬ ಧನ ಆವೇಶ ಉಳಿಯುತ್ತದೆ. ಎಲೆಕ್ಟ್ರಾನು ನೀರಿನಿಂದ ಜಲಜನಕವನ್ನು ಬಿಡಿಸಬಲ್ಲದು. ರಂಧ್ರವು ಆಮ್ಲಜನಕವನ್ನು ಬಿಡಿಸಬಲ್ಲದು. ಇವೆರಡೂ ಪುನಃ ಒಂದುಗೂಡಿದರೆ ಹೀರಿದ ಶಕ್ತಿಯು ಶಾಖವಾಗಿ ವ್ಯರ್ಥವಾಗುತ್ತದೆ. ಅವನ್ನು ಬೇರೆಬೇರೆಯಾಗಿ ಉಳಿಸುವುದೇ ಈ ಶಾಸ್ತ್ರದ ಮುಖ್ಯ ಕಷ್ಟ.

1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಅವರು ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಹಾಯಿಸಿ ನೀರನ್ನು ವಿಭಜಿಸಬಹುದೆಂದು ಪ್ರಕಟಿಸಿದರು. ಬಿಳಿ ಬಣ್ಣದ ಪೇಂಟಿನಲ್ಲಿ ಬಳಕೆಯಾಗುವ ಈ ವಸ್ತು ಅಗ್ಗವಾದುದು, ಬಾಳಿಕೆಯುಳ್ಳದ್ದು. ಆದರೆ ಅದು ನೇರಳಾತೀತ ಕಿರಣಗಳನ್ನು ಮಾತ್ರ ಹೀರುತ್ತದೆ. ಭೂಮಿಗೆ ತಲುಪುವ ಬಿಸಿಲಿನಲ್ಲಿ ಈ ಕಿರಣಗಳ ಪಾಲು ಸುಮಾರು ಶೇ. 5 ಮಾತ್ರ. ಕಣ್ಣಿಗೆ ಕಾಣುವ ಬೆಳಕಿನಲ್ಲಿಯೂ ಕೆಲಸ ಮಾಡುವ ವಸ್ತುವನ್ನು ಕಂಡುಹಿಡಿಯುವ ಪ್ರಯತ್ನ ಅಂದಿನಿಂದ ಜಗತ್ತಿನಾದ್ಯಂತ ನಡೆದಿದೆ.

5. ಡಾ. ರಾವ್ ಅವರ ಕೊಡುಗೆ

ಡಾ. ರಾವ್ ಅವರು ಮೊದಲಿಗೇ ಇಂಧನದ ವಿಷಯವನ್ನು ಹಿಡಿದವರಲ್ಲ. ಲೋಹಗಳ ಆಕ್ಸೈಡುಗಳ ರಚನೆ ಹಾಗೂ ಗುಣಗಳನ್ನು ಅವರು ಹಲವು ದಶಕಗಳ ಕಾಲ ಅಭ್ಯಾಸ ಮಾಡಿದರು. 1980ರ ದಶಕದಲ್ಲಿ ಅತಿವಾಹಕಗಳ ಕುರಿತು, 1990ರ ದಶಕದಿಂದ ಇಂಗಾಲದ ನ್ಯಾನೋ ಕೊಳವೆಗಳ ಕುರಿತು, ತರುವಾಯ ಗ್ರಾಫೀನ್ ಮುಂತಾದ ಪರಮಾಣು ದಪ್ಪದ ಹಾಳೆಗಳ ಕುರಿತು ಸಂಶೋಧನೆ ನಡೆಸಿದರು. ಇಂತಹ ವಸ್ತುಗಳನ್ನು ತಯಾರಿಸುವ, ಪರೀಕ್ಷಿಸುವ ಕೌಶಲವೇ ಮುಂದೆ ಸೌರ ಇಂಧನ ಸಂಶೋಧನೆಗೆ ಬುನಾದಿಯಾಯಿತು. ಈ ಕ್ಷೇತ್ರದಲ್ಲಿ ಅವರ ತಂಡದ ಕೆಲಸವನ್ನು ಮೂರು ಭಾಗಗಳಾಗಿ ನೋಡಬಹುದು.

ಅ) ಜೋಡಿ ಕಣಗಳು: ಸತುವಿನ ಆಕ್ಸೈಡ್, ಪ್ಲಾಟಿನಂ ಮತ್ತು ಕ್ಯಾಡ್ಮಿಯಂ ಸಲ್ಫೈಡ್‌ಗಳನ್ನು ಒಂದೇ ನ್ಯಾನೋ ರಚನೆಯಲ್ಲಿ ಕೂಡಿಸಿ ಬೆಳಕಿನಿಂದ ಜಲಜನಕ ಪಡೆಯುವ ವಿಧಾನವನ್ನು ತಂಡವು 2013ರಲ್ಲಿ ಪ್ರಕಟಿಸಿತು. ಒಂದು ವಸ್ತು ಬೆಳಕನ್ನು ಹೀರಿದರೆ ಮತ್ತೊಂದು ಎಲೆಕ್ಟ್ರಾನನ್ನು ದೂರ ಒಯ್ಯುತ್ತದೆ. ಹೀಗಾಗಿ ಆವೇಶಗಳು ಮತ್ತೆ ಕೂಡಿಕೊಳ್ಳುವುದು ತಗ್ಗುತ್ತದೆ.

ಆ) ಪ್ಲಾಟಿನಂಗೆ ಬದಲಿ: ಪ್ಲಾಟಿನಂ ದುಬಾರಿ ಲೋಹ. ಮಾಲಿಬ್ಡಿನಂ ಸಲ್ಫೈಡ್ ಸುಲಭವಾಗಿ ದೊರಕುವ ಖನಿಜ. ಇದರ ಒಂದೇ ಪದರದ ಹಾಳೆಯು ಲೋಹದಂತೆ ವರ್ತಿಸುವ ರೂಪದಲ್ಲಿದ್ದಾಗ, ಸಾಮಾನ್ಯ ಅರೆವಾಹಕ ರೂಪಕ್ಕಿಂತ ಅನೇಕ ಪಟ್ಟು ಹೆಚ್ಚು ಜಲಜನಕವನ್ನು ಬಿಡುಗಡೆ ಮಾಡುತ್ತದೆ ಎಂದು ಅದೇ ವರ್ಷ ತಂಡವು ತೋರಿಸಿತು. ಸಂಯೋಜನೆ ಒಂದೇ ಆದರೂ ಪರಮಾಣುಗಳ ಜೋಡಣೆ ಬದಲಾದರೆ ಗುಣವೂ ಬದಲಾಗುತ್ತದೆ ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಇ) ಸೂರ್ಯನ ಶಾಖ: ಪೆರೋವ್‌ಸ್ಕೈಟ್ ಎಂಬ ರಚನೆಯುಳ್ಳ ಮ್ಯಾಂಗನೀಸ್ ಆಕ್ಸೈಡುಗಳನ್ನು ಅತಿ ಹೆಚ್ಚಿನ ಉಷ್ಣತೆಗೆ ಕಾಯಿಸಿದಾಗ ಅವು ಆಮ್ಲಜನಕವನ್ನು ಬಿಟ್ಟುಕೊಡುತ್ತವೆ. ಬಳಿಕ ಉಷ್ಣತೆಯನ್ನು ತಗ್ಗಿಸಿ ನೀರಿನ ಆವಿಯನ್ನು ಹಾಯಿಸಿದಾಗ ಆವಿಯಲ್ಲಿರುವ ಆಮ್ಲಜನಕವನ್ನು ಮರಳಿ ಪಡೆದು ಜಲಜನಕವನ್ನು ಉಳಿಸುತ್ತವೆ. ಕನ್ನಡಿಗಳಿಂದ ಒಂದೆಡೆ ಸೇರಿಸಿದ ಬಿಸಿಲು ಇದಕ್ಕೆ ಬೇಕಾದ ಶಾಖವನ್ನು ಒದಗಿಸಬಲ್ಲದು.

6. ಗೌರವಗಳು

ಡಾ. ರಾವ್ ಅವರಿಗೆ 1974ರಲ್ಲಿ ಪದ್ಮಶ್ರೀ ಹಾಗೂ 1985ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಸಂದಿವೆ. 1982ರಲ್ಲಿ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಕರ್ನಾಟಕ ಸರ್ಕಾರವು ಕರ್ನಾಟಕ ರತ್ನ ಪ್ರಶಸ್ತಿ ನೀಡಿ ಗೌರವಿಸಿದೆ. 2013ರ ನವೆಂಬರ್‌ನಲ್ಲಿ ಘೋಷಣೆಯಾದ ಭಾರತರತ್ನವನ್ನು 2014ರ ಫೆಬ್ರವರಿ 4ರಂದು ಪ್ರದಾನ ಮಾಡಲಾಯಿತು. ನವೀಕರಿಸಬಹುದಾದ ಇಂಧನ ಮೂಲಗಳ ಸಂಶೋಧನೆಗಾಗಿ 2020ರ ಅಂತರರಾಷ್ಟ್ರೀಯ ಎನಿ ಪ್ರಶಸ್ತಿಗೂ ಅವರು ಪಾತ್ರರಾದರು.

7. ಪ್ರಯೋಗಾಲಯ ಮತ್ತು ಬಳಕೆಯ ನಡುವಿನ ಅಂತರ

ಒಂದು ಕಿಲೋ ಜಲಜನಕವನ್ನು ಪಡೆಯಲು ವಿಭಜನೆಯಾಗಬೇಕಾದ ನೀರು ಸುಮಾರು 9 ಲೀಟರ್. ಅಷ್ಟು ಜಲಜನಕದಲ್ಲಿ ಸುಮಾರು 33 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿಯಿದ್ದು, ಅದು ಉರಿದಾಗ ಮತ್ತೆ ನೀರೇ ಉಂಟಾಗುತ್ತದೆ. ಆದರೆ ಬೆಳಕಿನ ವೇಗವರ್ಧಕದಿಂದ ನೇರವಾಗಿ ಜಲಜನಕ ತಯಾರಿಸುವ ವಿಧಾನ ಇನ್ನೂ ಮಾರುಕಟ್ಟೆಯ ಹಂತಕ್ಕೆ ಬಂದಿಲ್ಲ. ಜಪಾನಿನಲ್ಲಿ 100 ಚದರ ಮೀಟರ್ ವಿಸ್ತಾರದ ಫಲಕಗಳಿಂದ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಸಿಲಿನ ಶಕ್ತಿಯ ಗರಿಷ್ಠ ಶೇ. 0.76 ಭಾಗ ಮಾತ್ರ ಜಲಜನಕವಾಗಿ ಪರಿವರ್ತನೆಯಾಯಿತು. ಅಲ್ಲದೆ ಪ್ರಯೋಗಾಲಯದ ಅನೇಕ ಪ್ರಯೋಗಗಳಲ್ಲಿ ರಂಧ್ರಗಳನ್ನು ಹೀರಿಕೊಳ್ಳಲು ಬೇರೊಂದು ರಾಸಾಯನಿಕವನ್ನು ನೀರಿಗೆ ಬೆರೆಸಲಾಗುತ್ತದೆ. ಅದು ಖರ್ಚಾಗುತ್ತಾ ಹೋಗುತ್ತದೆ.

ಕೇಂದ್ರ ಸರ್ಕಾರವು 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿ ವೆಚ್ಚದ ರಾಷ್ಟ್ರೀಯ ಹಸಿರು ಜಲಜನಕ ಮಿಷನ್‌ಗೆ ಅನುಮೋದನೆ ನೀಡಿತು. ಇಂದು ಹಸಿರು ಜಲಜನಕವನ್ನು ಮುಖ್ಯವಾಗಿ ಗಾಳಿ ಮತ್ತು ಸೌರ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ತಯಾರಿಸಲಾಗುತ್ತದೆ.

8. ಬಣ್ಣದ ನೀರು ಮತ್ತು ಕುಡಿಯುವ ನೀರು

ಬೆಟಗೇರಿಯು ನೇಕಾರಿಕೆಗೆ ಹೆಸರಾದ ಊರು. ನೂಲಿಗೆ ಬಣ್ಣ ಹಾಕಿದ ನಂತರ ಉಳಿಯುವ ನೀರಿನ ಶುದ್ಧೀಕರಣವು ನೇಯ್ಗೆಯಿರುವ ಎಲ್ಲ ಊರುಗಳ ಸಮಸ್ಯೆ. ಬೆಳಕಿನ ವೇಗವರ್ಧಕಗಳು ಬಣ್ಣದ ಸಾವಯವ ಅಣುಗಳನ್ನು ಹಂತಹಂತವಾಗಿ ಒಡೆಯಬಲ್ಲವು. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಹೆಗ್ಡೆ ಮತ್ತು ಗಿರಿಧರ್ ಮದ್ರಾಸ್ ಅವರ ತಂಡವು ದಹನ ವಿಧಾನದಿಂದ ತಯಾರಿಸಿದ ಟೈಟಾನಿಯಂ ಡೈಆಕ್ಸೈಡಿನ ಕುರಿತು 2004ರಲ್ಲಿ ಈ ದಿಸೆಯಲ್ಲಿ ಮುಖ್ಯ ಫಲಿತಾಂಶಗಳನ್ನು ಪ್ರಕಟಿಸಿತು.

ಆದರೆ ಮುಂಡರಗಿ ಭಾಗದ ಕೊಳವೆ ಬಾವಿಗಳಲ್ಲಿ ಕಂಡುಬರುವ ಫ್ಲೋರೈಡಿಗೆ ಈ ವಿಧಾನ ಪರಿಹಾರವಲ್ಲ. ಬಣ್ಣವು ಅನೇಕ ಪರಮಾಣುಗಳಿಂದಾದ ಅಣು, ಅದನ್ನು ಒಡೆಯಬಹುದು. ಫ್ಲೋರೈಡ್ ಒಂದೇ ಮೂಲವಸ್ತುವಿನ ಅಯಾನು; ಅದನ್ನು ಒಡೆಯಲಾಗದು, ನೀರಿನಿಂದ ಬೇರ್ಪಡಿಸಬೇಕು. ಇದಕ್ಕೆ ಸಕ್ರಿಯ ಅಲ್ಯೂಮಿನಾ ಅಥವಾ ರಿವರ್ಸ್ ಆಸ್ಮೋಸಿಸ್ ವಿಧಾನ ಬಳಸಲಾಗುತ್ತದೆ. ನೀರನ್ನು ಕುದಿಸುವುದರಿಂದಲೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಮೀರಬಾರದು; ಬೇರೆ ಜಲಮೂಲವಿಲ್ಲದಿದ್ದಲ್ಲಿ ಗರಿಷ್ಠ ಮಿತಿ 1.5 ಮಿ.ಗ್ರಾಂ.

9. ನಾಗರಿಕರ ಗಮನಕ್ಕೆ

* ಬೆಳಕಿನ ವೇಗವರ್ಧಕದಿಂದ ಮನೆಯಲ್ಲಿಯೇ ಜಲಜನಕ ತಯಾರಿಸುವುದಾಗಿ ಹೇಳಿ ಯಾರಾದರೂ ಉಪಕರಣ ಮಾರಲು ಬಂದಲ್ಲಿ, ಮೇಲ್ಕಂಡ ವಿವರಗಳನ್ನು ಗಮನದಲ್ಲಿಟ್ಟು ಎಚ್ಚರಿಕೆ ವಹಿಸತಕ್ಕದ್ದು.

* ಬಿಸಿಲಿನಿಂದ ಮನೆಗೆ ದೊರೆಯುವ ಸಿದ್ಧ ಸೌಲಭ್ಯವೆಂದರೆ ಮೇಲ್ಛಾವಣಿ ಸೌರ ವಿದ್ಯುತ್. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, 3 ಕಿಲೋವ್ಯಾಟ್ ಅಥವಾ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನವನ್ನು ನಿಗದಿಪಡಿಸಲಾಯಿತು. ಅರ್ಜಿಯನ್ನು ಯೋಜನೆಯ ರಾಷ್ಟ್ರೀಯ ಅಂತರ್ಜಾಲ ತಾಣದಲ್ಲಿ ಸಲ್ಲಿಸಬೇಕು. ಗದಗ ಜಿಲ್ಲೆಯ ವಿದ್ಯುತ್ ಸರಬರಾಜು ಹೆಸ್ಕಾಂ ವ್ಯಾಪ್ತಿಗೆ ಸೇರಿದೆ. ಅರ್ಜಿಗೆ ಮೊದಲು ವಿದ್ಯುತ್ ಬಿಲ್ ಹಾಗೂ ಬ್ಯಾಂಕ್ ಖಾತೆಯ ವಿವರಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು ಸೂಕ್ತ.

* ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿಯ ವಿಜ್ಞಾನ ವಿದ್ಯಾರ್ಥಿಗಳು ಬಿ.ಎಸ್ಸಿ. ನಂತರ ಐಐಟಿಗಳ ಜಾಮ್ ಪರೀಕ್ಷೆಯ ಮೂಲಕ ಉನ್ನತ ವ್ಯಾಸಂಗಕ್ಕೂ, ಎಂ.ಎಸ್ಸಿ. ನಂತರ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯ ಮೂಲಕ ಸಂಶೋಧನಾ ವೇತನಕ್ಕೂ ಪ್ರಯತ್ನಿಸಬಹುದು. ಅರ್ಹತೆ ಮತ್ತು ಕೊನೆಯ ದಿನಾಂಕವನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳತಕ್ಕದ್ದು.

10. ಸಮಾರೋಪ

ಆಕ್ಸೈಡುಗಳ ಅಭ್ಯಾಸದಿಂದ ಆರಂಭಿಸಿದ ಡಾ. ರಾವ್ ಅವರು ಬಿಸಿಲಿನಿಂದ ಜಲಜನಕ ಪಡೆಯುವ ಪ್ರಯೋಗಗಳಿಗೆ ಬರಲು ಅರ್ಧ ಶತಮಾನ ಹಿಡಿಯಿತು. ಉಳಿದಿರುವ ಕೆಲಸವೂ ಸಣ್ಣದಲ್ಲ: ಅಗ್ಗವಾದ, ಬಾಳಿಕೆ ಬರುವ, ಕಾಣುವ ಬೆಳಕನ್ನು ಹೀರುವ ವಸ್ತುವೊಂದು ದೊರೆಯಬೇಕಾಗಿದೆ. ಅದು ದೊರೆತ ದಿನ ಹೆಚ್ಚಿನ ಪ್ರಯೋಜನ ಆಗುವುದು ಬಿಸಿಲೇ ಸಂಪತ್ತಾಗಿರುವ ಇಂತಹ ಜಿಲ್ಲೆಗಳಿಗೆ.