ಕತ್ತಲ ಹಜಾರದಲ್ಲಿ ಮೀನಿನ ಚಿತ್ರ

1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗೋದ್ಯಾನದಲ್ಲಿ ಮೊದಲ ಸಾರ್ವಜನಿಕ ಮತ್ಸ್ಯಾಲಯವು ಬಾಗಿಲು ತೆರೆದಾಗ ಅದು ಹಗಲ ಬೆಳಕು ಧಾರಾಳವಾಗಿ ಬೀಳುವ ಗಾಜಿನ ಮನೆಯಾಗಿದ್ದಿತು. ಆದರೆ ಬಿಸಿಲಿಗೆ ತೆರೆದ ತೊಟ್ಟಿಯ ನೀರು ಬೇಗನೆ ಕಾಯುವುದು, ಪಾಚಿಗಟ್ಟುವುದು. 1874ರಲ್ಲಿ ಆಂಟನ್ ಡೋರ್ನ್ ಮಹಾಶಯನು ನೇಪಲ್ಸ್ ನಗರದಲ್ಲಿ ತೆರೆದ ಮತ್ಸ್ಯಾಲಯದಲ್ಲಿ ನೋಡುಗರು ನಿಲ್ಲುವ ಹಜಾರವು ಕತ್ತಲಾಗಿದ್ದು, ಬೆಳಕು ಮೇಲಿನಿಂದ ನೀರಿಗೆ ಮಾತ್ರ ಇಳಿಯುತ್ತಿದ್ದಿತು. ಗಾಜಿನಲ್ಲಿ ತನ್ನ ಮುಖವೇ ಕಾಣದಂತಾದ ಪ್ರೇಕ್ಷಕನಿಗೆ ಇದರಿಂದ ಪರಮಾನಂದವಾಯಿತು. ಮುಂದೆ ಕ್ಯಾಮೆರಾ ಹಿಡಿದು ಬಂದವನಿಗೋ, ಪ್ರತಿಬಿಂಬದ ಕಾಟ ತಪ್ಪಿದರೂ ಬೆಳಕಿನ ದಾರಿದ್ರ್ಯವು ಗಂಟುಬಿದ್ದಿತು.

ಈ ದಾರಿದ್ರ್ಯವನ್ನು ನೀಗುವುದಕ್ಕೆ ಇದ್ದ ಉಪಾಯಗಳು ಎರಡು: ವೇಗದ ಫಿಲ್ಮ್, ಅಗಲ ಬಾಯಿಯ ಲೆನ್ಸ್. ಲುಡ್ವಿಗ್ ಬೆರ್ಟೆಲೆ ಎಂಬ ಜರ್ಮನ್ ಲೆನ್ಸ್‌ಶಿಲ್ಪಿಯು 1924ರಲ್ಲಿ ಎಫ್/2ರ ಎರ್ನೋಸ್ಟಾರನ್ನೂ, 1932ರ ಕಾಂಟ್ಯಾಕ್ಸ್ ಕ್ಯಾಮೆರಾಕ್ಕೆ ಎಫ್/1.5ರ ಸೊನ್ನಾರನ್ನೂ ರೂಪಿಸಿಕೊಟ್ಟನು. ಎಫ್/3.5ರ ಲೆನ್ಸಿಗಿಂತ ಎಫ್/2ರದು ಸುಮಾರು ಮೂರು ಪಟ್ಟು ಬೆಳಕನ್ನು ಒಳಗೊಳ್ಳುತ್ತದೆಂದರೆ, ಕತ್ತಲಲ್ಲಿ ಅದರ ಬೆಲೆಯೇನೆಂಬುದು ತಾನಾಗಿಯೇ ವೇದ್ಯವಾದೀತು. ಆದರೆ ಲೆನ್ಸಿನ ಔದಾರ್ಯಕ್ಕೂ ಒಂದು ತೆರಿಗೆಯುಂಟು. ಅರವತ್ತು ಸೆಂಟಿಮೀಟರ್ ದೂರದಲ್ಲಿ, 50 ಮಿಲಿಮೀಟರ್ ಲೆನ್ಸನ್ನು ಎಫ್/2ಕ್ಕೆ ತೆರೆದರೆ ಸ್ಪಷ್ಟವಾಗಿ ಮೂಡುವ ಆಳವು ಎರಡು ಸೆಂಟಿಮೀಟರಿಗೂ ಕಡಿಮೆ. ಎದುರಿಗೆ ಈಜಿಬರುವ ಮೀನಿನ ಕಣ್ಣು ನಿಚ್ಚಳವಾಗಿದ್ದರೆ ಬಾಲವು ಮಂಜಾಗುವುದು.

ಫಿಲ್ಮಿನ ಕಥೆಯೂ ಇಂತಹುದೇ. 1936ರಲ್ಲಿ 35 ಮಿಲಿಮೀಟರ್ ಕ್ಯಾಮೆರಾಗಳಿಗೆ ಬಂದ ಕೊಡಾಕ್ರೋಮಿನ ವರ್ಣವೈಭವವು ಅಪೂರ್ವವಾಗಿದ್ದರೂ ಅದರ ವೇಗವು ಸುಮಾರು 10 ಮಾತ್ರ. 1954ರಲ್ಲಿ ಕೊಡಾಕ್ ಕಂಪನಿಯವರು ರೋಲಿನಲ್ಲಿ ಹೊರತಂದ ಕಪ್ಪು-ಬಿಳುಪಿನ ಟ್ರೈ-ಎಕ್ಸ್, ಅನಂತರದ ಗಣನೆಯಂತೆ 400. ಟ್ರೈ-ಎಕ್ಸ್ ಸೆಕೆಂಡಿನ ಮೂವತ್ತನೆಯ ಒಂದು ಭಾಗದಲ್ಲಿ ಹಿಡಿಯುವ ಚಿತ್ರಕ್ಕೆ ಕೊಡಾಕ್ರೋಮ್ ಒಂದು ಸೆಕೆಂಡಿಗಿಂತಲೂ ಹೆಚ್ಚು ಹೊತ್ತು ಬೇಡುವುದು. ಅಷ್ಟು ಹೊತ್ತು ಮೀನು ನಿಲ್ಲಬೇಕಲ್ಲ! ಬಲ್ಬಿನ ಬೆಳಕು ಹಗಲು ಫಿಲ್ಮಿನ ಮೇಲೆ ಕೆಂಪೇರಿಯೂ, ಟ್ಯೂಬ್‌ಲೈಟು ಹಸುರೇರಿಯೂ ಕಾಡುತ್ತಿದ್ದಾಗ, ಕಣಗಳು ಒರಟಾದರೂ ಬಣ್ಣದ ಗೊಡವೆಯಿಲ್ಲದ ಟ್ರೈ-ಎಕ್ಸ್ ಅನೇಕರಿಗೆ ಆಪ್ತವಾದುದು ಸಹಜವೇ.

ಲೆನ್ಸನ್ನು ಗಾಜಿಗೆ ನೇರವಾಗಿ ಒತ್ತಿ, ಸುತ್ತಲೂ ಕಪ್ಪು ಬಟ್ಟೆಯನ್ನು ಮುಚ್ಚಿ, ನೀರೊಳಗಿನ ದೂರವು ಕಣ್ಣಿಗೆ ಮುಕ್ಕಾಲಾಗಿ ತೋರುವುದರಿಂದ ಅಳತೆಯ ಟೇಪನ್ನು ನಂಬದೆ ಕಂಡ ಮೀನಿಗೇ ಫೋಕಸು ಕೂಡಿಸಿ, ಪಳಗಿದವನು ಕಾಯುತ್ತಿದ್ದನು. ಗೋಡೆಯವರೆಗೆ ಈಜಿದ ಮೀನು ಹಿಂದಿರುಗುವ ಮುನ್ನ ರೆಕ್ಕೆಗಳನ್ನಷ್ಟೇ ಬೀಸುತ್ತ ಒಂದು ಚಣ ತಡೆಯುವುದು. 36 ಚಿತ್ರಗಳ ಸುರುಳಿಯನ್ನೆಲ್ಲ ಅವನು ಮೀಸಲಿಟ್ಟುದು ಆ ತಿರುವಿಗೆ.