ಆನೆಯೋ, ಹಂದಿಯೋ? ಬೆಳ್ಳಿ ರೂಪಾಯಿಯ ಅಚ್ಚಿನ ಕಥೆ

ಸರಗೂರು, ಎಚ್.ಡಿ. ಕೋಟೆ ಕಡೆಯ ಹಳೇ ಮನೆಗಳಲ್ಲಿ ಲಕ್ಷ್ಮೀಪೂಜೆಗೆ ಇಡುವ ಬೆಳ್ಳಿ ರೂಪಾಯಿ ಮೇಲೆ ಸಾಮಾನ್ಯವಾಗಿ ಮೈಸೂರು ಒಡೆಯರ ಹೆಸರಿರುವುದಿಲ್ಲ. ವಿಕ್ಟೋರಿಯಾ ರಾಣಿಯ ಮುಖವೋ, ಜಾರ್ಜ್ ದೊರೆಯ ಮುಖವೋ ಇರುತ್ತದೆ. ಮೈಸೂರು ಸಂಸ್ಥಾನದ ಟಂಕಸಾಲೆ 1843ರಲ್ಲಿ ಮುಚ್ಚಿಹೋಯಿತು. ಆಮೇಲೆ ನಮ್ಮ ಸಂತೆಗಳಲ್ಲಿ ಓಡಾಡಿದ್ದು ಬ್ರಿಟಿಷರ ರೂಪಾಯಿ. ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ.

ನೋಡಲು ಎಲ್ಲವೂ ಒಂದೇ ಥರ. ಆದರೆ ಅಚ್ಚು ಒಂದೇ ಅಲ್ಲ.

1910ರಲ್ಲಿ ಐದನೇ ಜಾರ್ಜ್ ಪಟ್ಟಕ್ಕೆ ಬಂದ. 1911ರ ಡಿಸೆಂಬರ್ 12ರಂದು ದೆಹಲಿಯಲ್ಲಿ ದೊಡ್ಡ ದರ್ಬಾರು ನಡೆಯಿತು. ಅದೇ ವರ್ಷದ ಇಸವಿ ಹಾಕಿ ಹೊಸ ದೊರೆಯ ರೂಪಾಯಿ ಬಂತು. ದೊರೆಯ ನಿಲುವಂಗಿಯ ಮೇಲೆ ಒಂದು ಪದಕದ ಸರ, ಆ ಸರದಲ್ಲಿ ಒಂದು ಪುಟ್ಟ ಆನೆ. ಅಚ್ಚು ಕೊರೆದಾಗ ಸೊಂಡಿಲು ಮೊಂಡಾಯಿತು, ಕಾಲು ಗಿಡ್ಡವಾಯಿತು. ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು.

ಮುಸ್ಲಿಮರಿಗೆ ಇದರಿಂದ ನೋವಾಯಿತು. 1857ರಲ್ಲಿ ತೋಟಾಕ್ಕೆ ಹಂದಿ, ದನದ ಕೊಬ್ಬು ಸವರಿದ್ದಾರೆ ಎಂಬ ಮಾತಿಗೇ ಸಿಪಾಯಿಗಳು ದಂಗೆ ಎದ್ದದ್ದನ್ನು ಸರ್ಕಾರ ಮರೆತಿರಲಿಲ್ಲ. ನಾಣ್ಯ ಹಂಚುವುದನ್ನು ನಿಲ್ಲಿಸಿ, ಉಳಿದದ್ದನ್ನು ಕರಗಿಸಿದರು. 1912ರ ಅಚ್ಚಿನಲ್ಲಿ ಆನೆಗೆ ಉದ್ದ ಸೊಂಡಿಲು ಬಂತು. ಹಾಗಾಗಿ ನಾಣ್ಯ ಸಂಗ್ರಹಿಸುವವರು 1911ರ ರೂಪಾಯಿಯನ್ನು ‘ಹಂದಿ ರೂಪಾಯಿ’ ಎಂದೇ ಕರೆದು ಹುಡುಕುತ್ತಾರೆ.

ರಾಣಿಯ ರೂಪಾಯಿಯಲ್ಲೂ ಇಂಥ ಗುಟ್ಟಿದೆ. 1862 ಎಂಬ ಇಸವಿಯನ್ನೇ 1874ರವರೆಗೂ ಅಚ್ಚು ಹಾಕಿದರು. ಯಾವ ವರ್ಷದ್ದು ಎಂದು ಗುರುತಿಡಲು ಬೊಂಬಾಯಿ ಟಂಕಸಾಲೆಯಲ್ಲಿ ಸಣ್ಣ ಚುಕ್ಕಿಗಳನ್ನು ಸೇರಿಸುತ್ತಾ ಹೋದರು. ಆ ಚುಕ್ಕಿ ಎಣಿಸುವುದೇ ಸಂಗ್ರಹಕಾರರ ಕೆಲಸ. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು.

ಸ್ವಾತಂತ್ರ್ಯದ ನಂತರ ನೆನಪಿನ ನಾಣ್ಯಗಳ ಕಾಲ. 1969ರಲ್ಲಿ ಗಾಂಧೀಜಿ ಜನ್ಮ ಶತಮಾನೋತ್ಸವಕ್ಕೆ ಹತ್ತು ರೂಪಾಯಿಯ ಬೆಳ್ಳಿ ನಾಣ್ಯ ಬಂತು. ತೂಕ 15 ಗ್ರಾಂ, ಅದರಲ್ಲಿ ನೂರಕ್ಕೆ 80 ಪಾಲು ಬೆಳ್ಳಿ. ಇಸವಿಯ ಬಳಿ ವಜ್ರದಾಕಾರದ ಪುಟ್ಟ ಗುರುತಿದ್ದರೆ ಬೊಂಬಾಯಿಯದು, ಇಲ್ಲದಿದ್ದರೆ ಕಲ್ಕತ್ತದ್ದು.

ಈ ಗುರುತುಗಳು ಅಳಿಯುವುದು ನಮ್ಮ ಕೈಯಲ್ಲೇ. ಹಬ್ಬ ಬಂತೆಂದರೆ ಹುಣಸೆಹಣ್ಣು, ಸಬೀನ ಹಾಕಿ ಉಜ್ಜುತ್ತೇವೆ. ಸರಕ್ಕೆ ಪೋಣಿಸಲು ಕೊಂಡಿ ಬೆಸೆಸುತ್ತೇವೆ. ಕಾಲ್ಗೆಜ್ಜೆಗೆ ಬೆಳ್ಳಿ ಸಾಲದೆ ಬಂದಾಗ ಕರಗಿಸಲು ಕೊಡುತ್ತೇವೆ. ಅಂಗಡಿಯ ತಕ್ಕಡಿಗೆ ತೂಕ ಗೊತ್ತು, ಸೊಂಡಿಲು ಗೊತ್ತಿಲ್ಲ.

ಇನ್ನೊಂದು ಎಚ್ಚರಿಕೆ. ರಾಮ, ಸೀತೆ, ಹನುಮಂತರ ಚಿತ್ರವಿರುವ ‘ಈಸ್ಟ್ ಇಂಡಿಯಾ ಕಂಪನಿ ನಾಣ್ಯ’ ತೋರಿಸಿ, ಅಕ್ಕಿ ಎಳೆಯುತ್ತದೆ, ಲಕ್ಷಗಟ್ಟಲೆ ಬಾಳುತ್ತದೆ ಎನ್ನುವವರನ್ನು ನಂಬಬೇಡಿ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ.

ನಿಮ್ಮ ಮನೆಯಲ್ಲಿ ಹಳೇ ರೂಪಾಯಿ ಇದ್ದರೆ ಉಜ್ಜಬೇಡಿ. ಬಿಸಿಲಿಗೆ ಹಿಡಿದು ಮೊದಲು ಇಸವಿ, ಆಮೇಲೆ ಚುಕ್ಕಿ, ಆಮೇಲೆ ಆನೆ ನೋಡಿ. ಎರಡೂ ಕಡೆ ಫೋನಿನಲ್ಲಿ ಫೋಟೋ ತೆಗೆದಿಡಿ. ಅದು ಯಾರ ಕಾಲದಲ್ಲಿ, ಹೇಗೆ ಮನೆಗೆ ಬಂತು ಎಂದು ಅಜ್ಜಿಯನ್ನು ಕೇಳಿ ಬರೆದಿಡಿ. ಮಾರುವುದೋ ಬಿಡುವುದೋ ಆಮೇಲಿನ ಮಾತು.