ಹಡಪದೊಳಗಿನ ಕತ್ತಿ ಮತ್ತು ಮಸೆಗಲ್ಲು

ಕ್ಷೌರದ ಕತ್ತಿಯ ಚರಿತ್ರೆಯೆಂದರೆ ಸಾಮಾನ್ಯವಾಗಿ ಉಕ್ಕಿನ ಚರಿತ್ರೆಯೆಂದೇ ಜನರು ಭಾವಿಸುವರು. ಯಾವ ದೇಶದ ಉಕ್ಕು, ಯಾವ ಊರಿನ ಮುದ್ರೆ ಎಂಬ ವಿಚಾರಕ್ಕೇ ಪ್ರಾಧಾನ್ಯ. ಆದರೆ ಕತ್ತಿಯು ಗಲ್ಲದ ಮೇಲೆ ಉರಿಯದಂತೆ, ತೊಡಕದಂತೆ ಹರಿಯಬೇಕಾದರೆ ಉಕ್ಕಿನೊಡನೆ ಕಲ್ಲೂ ಬೇಕು. ಕಲ್ಲಿನ ಗುಣವನ್ನರಿತ ಕೈಯೂ ಬೇಕು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ತಲೆತಲಾಂತರದಿಂದ ಆ ಕೈಗೆ ಹೆಸರಾದವರು ಹಡಪದ ಮನೆತನಗಳವರು. ಕತ್ತಿಯು ಎಲ್ಲಿಂದಲೇ ಬಂದಿರಲಿ, ಅದರ ಹರಿತವು ಮಾತ್ರ ಇಲ್ಲಿಯದೇ ಆಗಿದ್ದಿತು.

ಹಡಪವೆಂದರೆ ಚೀಲ. ಅರಸರ ಮತ್ತು ಮಂತ್ರಿಗಳ ಬಳಿಯಲ್ಲಿ ಎಲೆಯಡಕೆಯ ಚೀಲವನ್ನು ಹಿಡಿದವನಿಗೂ ಆ ಹೆಸರಿನಿಂದಲೇ ವೃತ್ತಿ; ಕತ್ತಿ, ಕತ್ತರಿ, ಕಲ್ಲು, ಕನ್ನಡಿಗಳನ್ನಿಟ್ಟುಕೊಂಡು ಮನೆಮನೆಗೆ ಹೋಗುವವನ ಚೀಲಕ್ಕೂ ಅದೇ ಹೆಸರು. 12ನೆಯ ಶತಮಾನದಲ್ಲಿ ಕಲ್ಯಾಣದೊಳಗೆ ಬಸವಣ್ಣನವರ ಸನ್ನಿಧಿಯಲ್ಲಿದ್ದ ಹಡಪದ ಅಪ್ಪಣ್ಣನೂ ಅವನ ಪತ್ನಿ ಲಿಂಗಮ್ಮನೂ ವಚನಗಳನ್ನು ರಚಿಸಿದವರು. ಈ ಅಪ್ಪಣ್ಣನನ್ನೇ ಕ್ಷೌರಿಕ ಸಮಾಜವು ತನ್ನ ಕುಲಗುರುವೆಂದು ಪೂಜಿಸುತ್ತ ಬಂದಿರುವದು. ಕಲ್ಯಾಣವು ಆಳಂದಕ್ಕೆ ದೂರದ ಊರಲ್ಲ. ಏಕಾಂತದ ರಾಮಯ್ಯನೂ ಆಳಂದೆಯವನೇ. ಆದುದರಿಂದ ಕಾಯಕದ ಮಾತು ಈ ಸೀಮೆಗೆ ಪರಕೀಯವಾದುದಲ್ಲ.

ಉಳಿದ ಹೆಸರುಗಳು ಬೇರೆ ಬೇರೆ ಕಾಲದಲ್ಲಿ ಬಂದವು. ನಾವಿದ ಎಂಬುದು ಸಂಸ್ಕೃತದ ನಾಪಿತ. 1347ರಲ್ಲಿ ಕಲಬುರ್ಗಿಯು ಬಹಮನಿ ಅರಸರ ರಾಜಧಾನಿಯಾದ ಮೇಲೆ ಪಾರಸಿಯು ಈ ನಾಡಿನ ದರ್ಬಾರಿನ ನುಡಿಯಾಯಿತು. ಅದರ ಬೆನ್ನ ಹಿಂದೆ ಉಸ್ತ್ರವೂ ಹಜಾಮನೂ ಬಂದರು. ಹಜಾಮನೆಂದರೆ ಅರಬಿಯಲ್ಲಿ ಕೆಟ್ಟ ರಕ್ತವನ್ನು ತೆಗೆಯುವ ಚಿಕಿತ್ಸಕನು. ವೈದ್ಯನ ಹೆಸರೊಂದು ಈಗ ಬೈಗುಳವಾಗಿ ಬಳಕೆಯಾಗುತ್ತಿರುವದು. ಇದರಲ್ಲಿ ತಪ್ಪು ಶಬ್ದದ್ದಲ್ಲ, ಆಡುವ ಬಾಯಿಯದು.

ವೈದ್ಯಕ್ಕೂ ಕ್ಷೌರಕ್ಕೂ ಇರುವ ನಂಟು ಇನ್ನೂ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಶಸ್ತ್ರಗಳನ್ನು ಮಸೆಯುವ ವಿಧಾನವನ್ನು ಹೇಳಿದೆ. ಉದ್ದಿನ ಬಣ್ಣದ ನುಣುಪಾದ ಕಲ್ಲಿನ ಮೇಲೆ ಮಸೆಯಬೇಕು. ಬಳಿಕ ಧಾರೆಯನ್ನು ನಿಲ್ಲಿಸಲು ಬೂರುಗದ ಹಲಗೆಯನ್ನು ಬಳಸಬೇಕು. ಕೂದಲನ್ನು ಕತ್ತರಿಸಿದರೆ ಹರಿತವಾಯಿತೆಂದು ತಿಳಿಯಬೇಕು. ಛೇದನ ಶಸ್ತ್ರದ ಧಾರೆಯು ಅರ್ಧ ಕೂದಲಿನಷ್ಟು ಸೂಕ್ಷ್ಮವಾಗಿರಬೇಕೆಂದೂ ಅಲ್ಲಿಯೇ ಉಂಟು. ಮೊದಲು ಕಲ್ಲು, ಆ ಮೇಲೆ ಮೆದುವಾದ ಹಲಗೆ, ಕಡೆಗೆ ಕೂದಲಿನ ಪರೀಕ್ಷೆ: ಹಡಪದವನು ಅನುಸರಿಸಿದ ಕ್ರಮವೂ ಇದೇ. ಬೂರುಗದ ಹಲಗೆಯಿದ್ದಲ್ಲಿ ತೊಗಲಿನ ಪಟ್ಟಿ ಬಂದಿತಷ್ಟೆ.

ಇನ್ನು ಕಲ್ಲಿನ ಮಾತು. ಈ ಸೀಮೆಯು ಕಲ್ಲಿನ ಸೀಮೆಯೇ ಸರಿ. ಆಳಂದ, ಅಫಜಲಪುರಗಳ ಎರೆಹೊಲದ ಕೆಳಗೆ ದಖ್ಖಣದ ಕರಿಗಲ್ಲು. ಭೀಮೆಯ ಬದಿಯಲ್ಲಿ ಜೇವರ್ಗಿಯಿಂದ ಶಹಾಬಾದದವರೆಗೆ ಮನೆಯ ನೆಲಕ್ಕೆ ಹಾಸುವ ಸುಣ್ಣದ ಪರಸಿ. ಪರಸಿಯು ಕೈಗೆ ರೇಶಿಮೆಯಂತೆ ನುಣುಪು. ಆದುದರಿಂದ ಕತ್ತಿಗೆ ಒಳ್ಳೆಯದಿರಬಹುದೆಂದು ಯಾರಿಗಾದರೂ ತೋರೀತು. ಆದರೆ ಅದು ಉಕ್ಕನ್ನು ತೇಯಲಾರದು. ಖನಿಜಗಳ ಗಡಸುತನವನ್ನಳೆಯುವ 10 ಅಂಶಗಳ ಮಾಪಕದಲ್ಲಿ ಸುಣ್ಣಗಲ್ಲಿನ ಖನಿಜವು 3, ಹದವಿಟ್ಟ ಉಕ್ಕು 6ಕ್ಕೂ ಮೇಲೆ, ಬೆಣಚು 7, ಕುರುಂದದ ಕಲ್ಲು 9. ಉಕ್ಕಿಗಿಂತ ಗಡಸಾದ ಕಣವಿಲ್ಲದೆ ಕಲ್ಲು ಎಷ್ಟು ನುಣುಪಾಗಿದ್ದರೇನು? ಕರಿಗಲ್ಲು ಕುಡುಗೋಲಿಗೆ ಆಗಬಹುದು. ಅದರ ಒರಟು ಕಣಗಳು ಕ್ಷೌರದ ಅಲಗನ್ನು ಗರಗಸ ಮಾಡುವವು. ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಮಾಡಿದ ಸಾಣೆಯ ಚಕ್ರವು ತೀರ ಮೊಂಡಾದ ಅಲಗಿಗೆ ಮಾತ್ರ ತಕ್ಕುದು. ಆದುದರಿಂದ ಬೆಣಚಿನ ಅತಿ ಸಣ್ಣ ಕಣಗಳುಳ್ಳ ಮಸೆಗಲ್ಲು ಹಡಪದವನ ಆಸ್ತಿಯಾಗಿದ್ದಿತು. ಕತ್ತಿಯು ಸವೆದರೆ ಇನ್ನೊಂದು ದೊರಕೀತು. ಒಳ್ಳೆಯ ಕಲ್ಲು ಒಡೆದರೆ ನಷ್ಟವು ದೊಡ್ಡದು.

ಮಸೆಯುವದು ನೋಡಲು ಸುಲಭ. ಕಲ್ಲಿನ ಮೈ ಸಮತಟ್ಟಾಗಿರಬೇಕು. ನಡುವೆ ತಗ್ಗಿದ್ದರೆ ಅಲಗೂ ಡೊಂಕಾಗುವದು. ಕಲ್ಲನ್ನು ನೀರಿನಿಂದಾಗಲಿ ಎಣ್ಣೆಯಿಂದಾಗಲಿ ತೊಯಿಸಿ ಕತ್ತಿಯನ್ನು ಅಡ್ಡ ಮಲಗಿಸುವರು. ಬೆನ್ನು, ಬಾಯಿ ಎರಡೂ ಏಕಕಾಲಕ್ಕೆ ಕಲ್ಲಿಗೆ ತಾಗಿರಬೇಕು. ಇದೇ ಮರ್ಮ. ಬೆನ್ನಿನ ದಪ್ಪವೇ ಧಾರೆಯ ಓರೆಯನ್ನು ನಿರ್ಣಯಿಸುವದರಿಂದ ಬೆನ್ನನ್ನು ಎತ್ತಿದವನು ಧಾರೆಯನ್ನು ಕೆಡಿಸಿದಂತೆಯೇ. ಬಾಯಿ ಮುಂದಾಗಿ, ಕಲ್ಲಿನ ತೆಳುವಾದ ಪದರವೊಂದನ್ನು ಹೆರೆಯುವವನಂತೆ, ಬುಡದಿಂದ ತುದಿಯವರೆಗೆ ಓರೆಯಾಗಿ ನೂಕುವರು. ಅಂಚಿಗೆ ಬಂದೊಡನೆ ಬೆನ್ನಿನ ಮೇಲೆಯೇ ಹೊರಳಿಸಿ, ಇನ್ನೊಂದು ಮಗ್ಗುಲಿನಿಂದ ತಿರುಗಿ ತರುವರು. ಬಾಯಿಯ ಮೇಲೆ ಹೊರಳಿಸಿದರೆ ಅಷ್ಟು ಹೊತ್ತಿನ ದುಡಿಮೆಯು ನೀರುಪಾಲು.

ಕೈಯ ಭಾರವು ಮೊದಲು ಅಲ್ಪ, ಕಡೆಗೆ ಕತ್ತಿಯ ತೂಕವಷ್ಟೇ. ಅವಸರಪಟ್ಟು ಒತ್ತಿದರೆ ತುದಿಯಲ್ಲಿ ಲೋಹದ ಸಣ್ಣ ಎಳೆಯೊಂದು ಮಡಚಿ ನಿಲ್ಲುವದು. ಅದು ಬೆರಳಿಗೆ ಹರಿತವಾಗಿ ತೋರಿ, ಗಲ್ಲದ ಮೇಲೆ ಮುರಿದು ಚರ್ಮವನ್ನು ಗೀರುವದು. ಕ್ಷೌರದ ನಂತರ ಉರಿಯಾಯಿತೆಂದರೆ ಕತ್ತಿಯು ಮೊಂಡವಾಗಿರಬೇಕು, ಇಲ್ಲವೆ ಈ ಎಳೆಯು ಉಳಿದಿರಬೇಕು. ಆದುದರಿಂದ ಕಲ್ಲಿನ ತರುವಾಯ ತೊಗಲು. ಅಲ್ಲಿ ದಿಕ್ಕು ತಿರುಗುಮುರುಗು: ಬೆನ್ನು ಮುಂದು, ಬಾಯಿ ಹಿಂದು. ಬಾಯಿ ಮುಂದಾದರೆ ಪಟ್ಟಿಯೂ ಹೋಯಿತು, ಧಾರೆಯೂ ಹೋಯಿತು. ಪಟ್ಟಿಯಿಲ್ಲದ ಕಡೆ ಅಂಗೈಯೇ ಪಟ್ಟಿ. ಮುಂಗೈಯ ಕೂದಲು ಸದ್ದಿಲ್ಲದೆ ಉದುರಿದರೆ ಕೆಲಸ ಮುಗಿಯಿತು. ಭೀಮಾ-ಅಮರ್ಜಾ ಸಂಗಮದ ಗಾಣಗಾಪುರದಂಥ ಕ್ಷೇತ್ರದಲ್ಲಿ ಅಳುವ ಕೂಸಿನ ಜಾವಳ ತೆಗೆಯುವವನ ಕತ್ತಿಗೆ ಇದಕ್ಕಿಂತ ಕಡಿಮೆಯ ಧಾರೆ ಸಾಲದು.

ಉಕ್ಕಿನ ಮಾತನ್ನೂ ಬಿಡುವಂತಿಲ್ಲ. ನಿಜಾಮರ ರಾಜ್ಯದೊಳಗಿನ ಕೋನಸಮುದ್ರಂ, ಇಂದಿನ ತೆಲಂಗಾಣದ ಊರು, ಮೂಸೆಯಲ್ಲಿ ಉಕ್ಕನ್ನು ಮಾಡಿ ಪಾರಸಿಕ ದೇಶಕ್ಕೆ ಕಳಿಸುತ್ತಿದ್ದಿತು. ಆಂಗ್ಲರು ಇಂಥ ಉಕ್ಕಿಗೆ ವುಟ್ಸ್ ಎಂದರು. ಕನ್ನಡದ ಉಕ್ಕೇ ಹೀಗೆ ಅಪಭ್ರಂಶವಾಯಿತೆಂದು ಪಂಡಿತರ ಎಣಿಕೆ. 1795ರಲ್ಲಿ ಪಿಯರ್ಸನ್ ಎಂಬವನು ಲಂಡನ್ನಿನ ರಾಯಲ್ ಸೊಸಾಯಿಟಿಯಲ್ಲಿ ಅದರ ವಿಷಯವಾಗಿ ಲೇಖನವನ್ನೋದಿದನು. ಬಳಿಕ ಮೈಕೆಲ್ ಫ್ಯಾರಡೆಯು ಕತ್ತಿಗಳ ಕುಶಲಕರ್ಮಿಯಾದ ಸ್ಟೋಡಾರ್ಟನೊಡನೆ ಕೂಡಿ ಉಕ್ಕಿನ ಮಿಶ್ರಣಗಳನ್ನು ಶೋಧಿಸಿ 1820 ಮತ್ತು 1822ರಲ್ಲಿ ಪ್ರಕಟಿಸಿದನು. ಆ ಉಕ್ಕಿನ ಕ್ಷೌರದ ಕತ್ತಿಗಳನ್ನು ಸ್ನೇಹಿತರಿಗೆ ಕಾಣಿಕೆಯಾಗಿಯೂ ಕೊಟ್ಟನು. ಶೆಫೀಲ್ಡಿನಲ್ಲಾದರೋ 1740ರ ದಶಕದಲ್ಲಿಯೇ ಹಂಟ್ಸ್‌ಮನ್ನನು ಮೂಸೆಯುಕ್ಕನ್ನು ಎರೆದಿದ್ದನು. 1871ರಲ್ಲಿ ಮುಂಬಯಿ-ಮದ್ರಾಸು ರೈಲುಹಾದಿಯು ಕಲಬುರ್ಗಿಯ ಮೇಲಿಂದ ಕೂಡಿಕೊಂಡಿತು. ಶೆಫೀಲ್ಡು, ಸೋಲಿಂಗೆನ್ನುಗಳ ಸರಕಿಗೆ ಈ ಕಡೆಯ ದಾರಿಯು ಸುಲಭವಾಯಿತು. ಕನ್ನಡದ ಹೆಸರು ಹೊತ್ತು ಕಡಲು ದಾಟಿದ ಲೋಹದ ನಾಡಿಗೆ ಆಂಗ್ಲರ ಮುದ್ರೆ ಹೊತ್ತ ಕತ್ತಿಗಳು ಮಾರಾಟಕ್ಕೆ ಬಂದದ್ದು ವಿಚಿತ್ರವೇ.

ಇಷ್ಟು ಬಲ್ಲ ಕೈಗೆ ದೊರೆತ ಮನ್ನಣೆಯೆಷ್ಟು? ಶಾಸನಗಳಲ್ಲಿ ಒಂದು ಬೆಳಕಿನ ಪ್ರಸಂಗವಿದೆ. ವಿಜಯನಗರದ ಸದಾಶಿವರಾಯನ ಆಳಿಕೆಯಲ್ಲಿ ಅಳಿಯ ರಾಮರಾಯನು ಕೊಂಡೋಜನೆಂಬ ಕ್ಷೌರಿಕನಿಗೆ ಮೆಚ್ಚಿ ಕ್ಷೌರಿಕರ ತೆರಿಗೆಗಳನ್ನು ಬಿಟ್ಟುಕೊಟ್ಟನು. ಬಾದಾಮಿಯ ಶಾಸನವು ಇದನ್ನು ಹೇಳುವದು. ಹಳ್ಳಿಯಲ್ಲಾದರೆ ವರ್ಷವಿಡೀ ಮಾಡಿದ ಕೆಲಸಕ್ಕೆ ಸುಗ್ಗಿಯ ಕಣದಲ್ಲಿ ಅಳೆದುಕೊಟ್ಟ ಜೋಳವೇ ಆಯ. ಅದೇ ಕತ್ತಿಯು ಊರ ಹೊರಗಿನ ಕೇರಿಯವರ ಗಲ್ಲವನ್ನು ಮುಟ್ಟಕೂಡದೆಂಬ ಕಟ್ಟಳೆಯನ್ನು ಊರ ಹಿರಿಯರೇ ವಿಧಿಸಿದ್ದರು. ಮೀರಿದರೆ ಆಯಕ್ಕೇ ಸಂಚಕಾರ. ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳ ತಲೆಯ ಮೇಲೆ ಮಾತ್ರ ಅದನ್ನು ಆಡಿಸಲೇಬೇಕೆಂದು ಕೆಲವು ಮನೆತನಗಳಲ್ಲಿ ಬಲವಂತ. ಈ ವಿಷಯದಲ್ಲಿ ಶಾಸ್ತ್ರಿಗಳಿಗಿಂತ ಮುಂಚೆ ಕತ್ತಿ ಹಿಡಿದವರೇ ಎಚ್ಚತ್ತದ್ದುಂಟು. 1890ರಲ್ಲಿ ಮುಂಬಯಿಯ ಕ್ಷೌರಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ ಸಭೆ ಸೇರಿ, ವಿಧವೆಯರ ಕೇಶವನ್ನು ತೆಗೆಯುವದಿಲ್ಲವೆಂದು ನಿಶ್ಚಯಿಸಿದರು. ಸುಧಾರಕರ ಗ್ರಂಥಗಳಲ್ಲಿ ಈ ಸಂಗತಿಗೆ ಇದಕ್ಕೂ ಹೆಚ್ಚಿನ ಸ್ಥಳ ಸಲ್ಲಬೇಕಾಗಿದ್ದಿತು.

1903ರಲ್ಲಿ ಅಮೇರಿಕೆಯ ಜಿಲೆಟ್ಟನು ಬಿಸಾಡುವ ತಗಡಿನ ಬ್ಲೇಡನ್ನು ಮಾರಾಟಕ್ಕೆ ತಂದನು. ಓದುಬರಹ ಬಲ್ಲ ಮನೆಗಳಲ್ಲಿ ಯಜಮಾನನು ಕನ್ನಡಿಯೆದುರು ತಾನೇ ಕೂಡುವದು ಕ್ರಮೇಣ ರೂಢಿಯಾಯಿತು. ಆದರೂ ಅಂಗಡಿಯಲ್ಲಿ ಮಸೆಗಲ್ಲು ಬಹುಕಾಲ ಬಾಳಿತು. ರಕ್ತದಿಂದ ಹರಡುವ ರೋಗಗಳ ಭೀತಿಯು 1990ರ ದಶಕದಲ್ಲಿ ಬಲವಾಗಲು, ಒಬ್ಬೊಬ್ಬನಿಗೆ ಹೊಸ ಅರ್ಧ ಬ್ಲೇಡನ್ನು ಸಿಕ್ಕಿಸುವ ಉಸ್ತ್ರವು ಎಲ್ಲೆಡೆ ಹಬ್ಬಿತು. ಇದು ಹಿತವಾದ ಬದಲಾವಣೆಯೇ. ಧಾರೆಯು ಎಷ್ಟು ಸೂಕ್ಷ್ಮವಾದರೂ ಹಲವರ ಗಲ್ಲಕ್ಕೆ ಒಂದೇ ಕತ್ತಿಯೆಂಬುದು ಅಪಾಯಕರವಾದ ಪದ್ಧತಿ.

ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಕತ್ತಿಯು ದೊರೆತವರು ಅದನ್ನು ಮೊದಲು ಬೆಳಕಿಗೆ ಹಿಡಿದು ನೋಡಬೇಕು. ತುಕ್ಕಿನ ಕುಳಿಗಳು ಬೆನ್ನಿನ ಬಳಿಯಲ್ಲಿದ್ದರೆ ಭಯವಿಲ್ಲ. ಬಾಯಿಯನ್ನು ಮುಟ್ಟಿದ್ದರೆ ಆ ಕುಳಿ ಕಳೆಯುವವರೆಗೆ ಉಕ್ಕನ್ನು ತೇಯಬೇಕಾಗುವದು. ಬಿರುಕಿದ್ದರೆ ಕೈಬಿಡುವದೇ ಲೇಸು. ಹಡಪದ ಮನೆಯ ಹಿರಿಯರಲ್ಲಿ ಕಲ್ಲನ್ನು ಕಾದಿಟ್ಟವರಿದ್ದರೆ ಅವರ ಕೈಗೇ ಅದನ್ನು ಕೊಡತಕ್ಕದ್ದು. ಕೂಲಿಯನ್ನು ಮಾತ್ರ ಜೋಳದ ಲೆಕ್ಕದಲ್ಲಿ ಕೊಡಬಾರದು.